ಮಗಳ ಸೈಕಲ್ಲಿಗೆ ಸೋಫಾ ಸುಖ

ಸೈಕಲ್ ಸೀಟು ಕಂಡುಹಿಡಿದ ಮಹಾನುಭಾವ ಯಾರೇ ಇರಲಿ, ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ! ಮನುಷ್ಯರು ಕೂರುವ ಜಾಗವನ್ನು ಯಾರಾದರೂ ಸೌತೆಕಾಯಿ ಸೀಳಿನ ಹಾಗೆ ಮಾಡುತ್ತಾರೆಯೇ? ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಊರಿನ ಅರ್ಧ ಜನರನ್ನು ಮೆತ್ತಗೆ ಕೂರಿಸಿದವನು! ಸೋಫಾ ಮಾಡುವುದು ನನ್ನ ಕಸುಬು.

ಮಗಳು ಒಂದೇ ದಿನದಲ್ಲಿ ಇನ್ನೂರು ಕಿಲೋಮೀಟರ್ ಸೈಕಲ್ ತುಳಿಯಲು ಹೊರಟಿದ್ದಳು. ಕತ್ತಲಾಗುವುದರೊಳಗೆ ಮಕ್ಕಳ ಆಶ್ರಮ ಮುಟ್ಟಿದರೆ, ಅಲ್ಲಿನ ನಡೆಯಲಾಗದ ಮಕ್ಕಳಿಗೆಲ್ಲ ಗಾಲಿಕುರ್ಚಿ ಕೊಡಿಸುತ್ತೇವೆಂದು ದಾನಿಗಳು ಮಾತು ಕೊಟ್ಟಿದ್ದರು. ಮುಟ್ಟದಿದ್ದರೆ ಇಲ್ಲ.

ಅಷ್ಟು ದೂರ ಆ ಕಲ್ಲಿನ ಮೇಲೆ ಕೂತು ಹೋಗುವುದೇ? ಅಪ್ಪ ಬದುಕಿರುವಾಗ? ಹಿಂದಿನ ದಿನ ಅವಳು ಮನೆಯಲ್ಲಿಲ್ಲದ ಹೊತ್ತು ನೋಡಿ, ಸೀಟಿಗೆ ಸೋಫಾ ಸ್ಪಂಜು ಪೇರಿಸಿ, ಮೇಲೆ ಕೆಂಪು ಮಖಮಲ್ಲು ಎಳೆದು, ಕಚ್ಚಿದರೆ ಬಿಡದ ಅಂಟು ಸುರಿದೆ. ಸೀಟಲ್ಲ, ಸಿಂಹಾಸನ!

ಬೆಳಿಗ್ಗೆ ಮಗಳು ಬಾಯಿ ಬಿಟ್ಟು ನಿಂತಳು. "ಅಪ್ಪಾ, ಏನಿದು?"

"ಕೂತ್ಕೊಂಡು ನೋಡು, ಆಮೇಲೆ ಹೊಗಳು."

"ಬಿಚ್ಚೋಕೆ ಟೈಮಿಲ್ಲ, ಅದಕ್ಕೇ ಕೂತ್ಕೋತಿದೀನಿ!"

ಸೋಫಾ ಸಾಗಿಸುವ ನಮ್ಮ ಟೆಂಪೋದಲ್ಲಿ ನಾನೂ ಹೆಂಡತಿಯೂ ಹಿಂದೆ ಹೊರಟೆವು. ಮಧ್ಯಾಹ್ನದವರೆಗೂ ನನ್ನ ಮೀಸೆ ಮೇಲೆಯೇ ಇತ್ತು. ಆಗ ಬಂತು ಮಳೆ! ಸ್ಪಂಜು ಹೊಟ್ಟೆ ತುಂಬ ನೀರು ಕುಡಿಯಿತು. ಒಂದೊಂದು ಪೆಡಲಿಗೂ ಪಚಕ್ ಪಚಕ್! ಮಖಮಲ್ಲಿನ ಬಣ್ಣ ಅವಳ ಕಾಲಿಗುಂಟ ಇಳಿದು ಬೂಟು ಸೇರಿತು. ಕೊನೆಗೆ ಸೈಕಲ್ ನಿಲ್ಲಿಸಿಯೇ ಬಿಟ್ಟಳು.

"ಜಾರ್ತಿದೀನಪ್ಪ. ಆಗ್ತಿಲ್ಲ."

"ರೀ, ಮೊದಲು ಕಿತ್ತು ಹಾಕಿ ಅದನ್ನ!" ಎಂದಳು ಹೆಂಡತಿ.

"ಕೀಳೋದಾ? ನಾನು ಅಂಟಿಸಿದ್ದು ಕಣೇ! ಸೋಫಾ ಮುರಿದ್ರೂ ಅಂಟು ಬಿಡಲ್ಲ!"

"ಅದನ್ನೂ ಹೆಮ್ಮೆಯಿಂದ ಹೇಳ್ತೀರಲ್ಲ!"

ನನಗೆ ಸಿಟ್ಟು ನೆತ್ತಿಗೇರಿತು. ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ. ಲಟಕ್! ಸ್ಪಂಜು ಹಾಗೇ ಇತ್ತು, ಅಡಿಯ ಸೀಟೇ ಎರಡು ತುಂಡು!

ಮಗಳು ಬೈಯಲಿಲ್ಲ. ರಸ್ತೆ ಬದಿಯಲ್ಲಿ ಕುಸಿದು ಕೂತು, "ಮಕ್ಕಳು ಗೇಟ್ ಹತ್ರ ಕಾಯ್ತಿರ್ತಾರಪ್ಪ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಖಾಲಿ ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಹೋಗುತ್ತಿದ್ದ ಹೆಂಗಸೊಬ್ಬರು ಇಳಿದರು. ಕಥೆ ಕೇಳಿ ಬಿದ್ದು ಬಿದ್ದು ನಕ್ಕರು. ನಗುತ್ತಲೇ ನಮ್ಮ ಟೆಂಪೋದಲ್ಲಿದ್ದ ಸ್ಪ್ಯಾನರ್ ಎತ್ತಿಕೊಂಡು ತಮ್ಮ ಸೀಟನ್ನೇ ಬಿಚ್ಚತೊಡಗಿದರು!

"ಅಕ್ಕಾ, ಮತ್ತೆ ನೀವು?"

"ನಾನು ನಿಂತ್ಕೊಂಡೇ ತುಳೀತೀನಿ. ಹುಡುಗಿ ಹೋಗ್ಲಿ, ಹೊತ್ತಾಗುತ್ತೆ."

ಹೊತ್ತು ಮುಳುಗಲು ಇನ್ನೇನು ಗೇಣು ಬಾಕಿ ಎನ್ನುವಾಗ ಮಗಳು ಗೇಟು ದಾಟಿದಳು. ಮಕ್ಕಳ ಚಪ್ಪಾಳೆ ಕೇಳಿ ಹೆಂಡತಿ ಅತ್ತಳು. ನಾನು ಅಳಲಿಲ್ಲ. ಅಂಟಿನ ಘಾಟು ಕಣ್ಣಿಗೆ ಹೊಡೆದಿತ್ತು, ಅಷ್ಟೇ!

ಮರುದಿನ ಸೀಟು ಹಿಂದಿರುಗಿಸಲು ಆ ಅಕ್ಕನ ಮನೆ ಹುಡುಕಿಕೊಂಡು ಹೋದೆ. ಬಾಗಿಲ ಬಳಿ ಹಳೆಯ ಕುರ್ಚಿಯೊಂದು ಹರಿದು ಜೋತಾಡುತ್ತಿತ್ತು.

"ಅಕ್ಕಾ, ನಿಮ್ಮ ಋಣ ದೊಡ್ಡದು. ಈ ಕುರ್ಚಿಗೆ ಸ್ಪಂಜು ಹಾಕಿಕೊಡ್ತೀನಿ. ಬೇಡ ಅನ್ಬೇಡಿ!"

ಅಕ್ಕ ಓಡಿ ಬಂದು ಕುರ್ಚಿಗೆ ಅಡ್ಡ ನಿಂತರು.

"ಅಣ್ಣಾ, ಋಣ ಇದ್ರೆ ಇರ್ಲಿ. ಕುರ್ಚಿ ಮಾತ್ರ ಮುಟ್ಬೇಡಿ!"

ಬಿಡುವವನೇ ನಾನು? ಈಗಲೂ ಆ ದಾರಿಯಲ್ಲಿ ಹೋದಾಗಲೆಲ್ಲ ಋಣ ತೀರಿಸಲು ನಿಲ್ಲುತ್ತೇನೆ. ಆದರೆ ಏನು ಮಾಡಲಿ, ನನ್ನ ಟೆಂಪೋ ಸದ್ದು ಕೇಳಿದರೆ ಸಾಕು, ಕುರ್ಚಿ ಮನೆಯೊಳಗೆ ಹೋಗಿ ಚಿಲಕ ಬಿದ್ದಿರುತ್ತದೆ!