ಗಂಟಣ್ಣನ ಕೊರಳಿಗೆ ಟೈ

ದಿನಕ್ಕೆ ಇನ್ನೂರು ಪಾರ್ಸೆಲ್ಲಿಗೆ ಹುರಿ ಬಿಗಿಯುವ ಮನುಷ್ಯನಿಗೆ ಒಂದು ಟೈ ಕಟ್ಟಲು ಬರಲಿಲ್ಲ ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು. ಪಾರ್ಸೆಲ್ ಕಂಪನಿಯ ನೆಲಮಾಳಿಗೆಯಲ್ಲಿ ಹದಿನೆಂಟು ವರ್ಷ ಬಗ್ಗಿ ಬಗ್ಗಿ ಸೊಂಟ ಕಳೆದುಕೊಂಡ ಪ್ಯಾಕರ್ ಅವನು. ಎಲ್ಲರೂ ಗಂಟಣ್ಣ ಎಂದೇ ಕರೆಯುತ್ತಿದ್ದರು. ಈಗ ಮೇಲಿನ ಕೌಂಟರಿನಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು. ಒರಗಿ ಕೂರುವಂಥ ಕುರ್ಚಿ, ಪಕ್ಕದಲ್ಲೇ ಕಿಟಕಿ. ಹನ್ನೊಂದಕ್ಕೆ ಸಂದರ್ಶನ. ಕೌಂಟರಿನವರು ಟೈ ಕಟ್ಟಲೇಬೇಕೆಂದು ಕಂಪನಿಯ ನಿಯಮ.

ಭಾವಮೈದುನನ ಟೈ ಬೆಳಿಗ್ಗೆ ಏಳರಿಂದ ಅವನ ಕೊರಳಲ್ಲಿ ನೇತಾಡುತ್ತಿತ್ತು. ಹೆಂಡತಿ ಫೋನಿನಲ್ಲಿ ವಿಡಿಯೊ ಹಾಕಿ ಹಿಡಿದಳು. ವಿಡಿಯೊದವನ ಬಲಗೈ ಯಾವುದು, ಕನ್ನಡಿಯಲ್ಲಿ ಕಾಣುವವನ ಬಲಗೈ ಯಾವುದು, ತನ್ನದು ಯಾವುದು ಎಂದು ಹೊಂದಿಸುವಷ್ಟರಲ್ಲಿ ಗಂಟಣ್ಣನಿಗೆ ತಲೆ ಗಿರ್ರೆಂದಿತು. ಎದೆಯ ಮೇಲೆ ಇರಬೇಕಾದ ತುದಿ ಬೆನ್ನ ಮೇಲೆ ಬಿದ್ದಿತ್ತು.

ಪಕ್ಕದ ಮನೆಯ ನಿವೃತ್ತ ಬ್ಯಾಂಡ್ ಮಾಸ್ತರರು ಕರೆಯದೆಯೇ ಬಂದರು. ಎದುರಿಗೆ ನಿಂತು, ನಾನು ಮಾಡಿದ ಹಾಗೇ ಮಾಡು ಎಂದು ತಾಳ ಹಾಕುತ್ತಾ ಎಡ, ಬಲ, ಸುತ್ತು ಎಂದರು. ಅವರ ಎಡ ಇವನ ಬಲವೋ, ಇವನ ಬಲವೂ ಬಲವೇನೋ, ಒಂದೂ ತಿಳಿಯಲಿಲ್ಲ. ನಾಲ್ಕನೇ ತಾಳಕ್ಕೆ ಗಂಟಣ್ಣನ ಹೆಬ್ಬೆರಳು ಟೈಯೊಳಗೇ ಸಿಕ್ಕಿಕೊಂಡಿತು. ಮಾಸ್ತರರು ವಿದ್ಯಾರ್ಥಿಯೇ ಸರಿಯಿಲ್ಲ ಎಂದು ಹೇಳಿ, ಕಾಫಿ ಕುಡಿದು ಹೋದರು.

ಹತ್ತು ಗಂಟೆಗೆ ಹೆಂಡತಿ ಎದುರುಮನೆಯ ಶವದ ಗಾಡಿ ಡ್ರೈವರನನ್ನು ಕರೆತಂದಳು. ತೀರಿಹೋದವರಿಗೆ ಕೋಟು, ಟೈ ಹಾಕಿ ಸಿಂಗರಿಸುವ ಕೆಲಸವೂ ಅವನದೇ. ಅವನು ಟೈ ನೋಡಿದ, ಗಂಟಣ್ಣನನ್ನು ನೋಡಿದ.

"ಮಲಕ್ಕೊಳ್ಳಿ," ಎಂದ. "ನಿಂತವ್ರಿಗೆ ಕಟ್ಟಿ ನನಗೆ ಅಭ್ಯಾಸ ಇಲ್ಲ."

ಗಂಟಣ್ಣ ಜಗಲಿಯ ಬೆಂಚಿನ ಮೇಲೆ ಮಲಗಿದ. ಅಲ್ಲಾಡಬೇಡಿ ಎಂದದ್ದಕ್ಕೆ ಕಣ್ಣನ್ನೂ ಮುಚ್ಚಿಕೊಂಡ. ಬಾಗಿಲ ಎದುರಿಗೇ ಶವದ ಗಾಡಿ, ಬೆಂಚಿನ ಮೇಲೆ ಮನುಷ್ಯ. ದಾರಿಯಲ್ಲಿ ಹೋಗುತ್ತಿದ್ದ ಹಾಲಿನಜ್ಜಿ ಅಲ್ಲೇ ಕುಸಿದು ಅಳತೊಡಗಿದಳು. ಎಂಥ ಒಳ್ಳೆಯ ಮನುಷ್ಯ, ಒಂದು ದಿನವೂ ಹಾಲಿಗೆ ನೀರು ಹಾಕಿದೆ ಅಂತ ಜಗಳ ಆಡಲಿಲ್ಲ ಎಂದು ಹಾಡಿ ಹೊಗಳಿದಳು. ಗಂಟಣ್ಣ ಎದ್ದು ಕೂತಾಗ ಅವಳು ಓಡಿದ ವೇಗಕ್ಕೆ ಬೀದಿಯೇ ಬೆರಗಾಯಿತು. ಟೈ ಮಾತ್ರ ಅಚ್ಚುಕಟ್ಟಾಗಿ ಕೂತಿತ್ತು.

ಹನ್ನೊಂದಕ್ಕೆ ಸರಿಯಾಗಿ ಮ್ಯಾನೇಜರ್ ಕೋಣೆಗೆ ಹೋದ. ಮ್ಯಾನೇಜರ್ ಅವನ ಮುಖ ನೋಡಲಿಲ್ಲ, ಕೊರಳು ನೋಡಿದರು. ಯಾರು ಕಟ್ಟಿದ್ದು ಎಂದು ಕೇಳಿದರು. ಶವದ ಗಾಡಿ ಡ್ರೈವರ್ ಎನ್ನಲು ಯಾರಿಗೆ ಬಾಯಿ ಬರುತ್ತದೆ?

"ನಾನೇ ಸರ್," ಎಂದ.

ಮ್ಯಾನೇಜರ್ ಎದ್ದು ಬಾಗಿಲು ಹಾಕಿದರು. ಇಪ್ಪತ್ತು ವರ್ಷದಿಂದ ಟೈ ಕಟ್ಟುತ್ತಿದ್ದುದು ಅವರ ಹೆಂಡತಿಯಂತೆ. ಆಕೆ ಮುನಿಸಿಕೊಂಡು ತವರಿಗೆ ಹೋಗಿ ನಾಲ್ಕು ದಿನವಾಗಿತ್ತು. ಆಕೆ ಕೊನೆಗೆ ಕಟ್ಟಿದ ಗಂಟನ್ನೇ ಬಿಚ್ಚದೆ, ಹಾರದ ಹಾಗೆ ತಲೆಯ ಮೇಲಿಂದ ಹಾಕಿ ತೆಗೆದು ಕಾಲ ತಳ್ಳಿದ್ದರು. ಇವತ್ತು ಅದು ಬಿಚ್ಚಿಹೋಗಿತ್ತು. ಹತ್ತು ನಿಮಿಷದಲ್ಲಿ ದೊಡ್ಡ ಸಾಹೇಬರು ಬರುವವರಿದ್ದರು.

"ಕಟ್ಟಿಬಿಡಿ ಮಾರಾಯ್ರೇ. ಆ ಕುರ್ಚಿ ನಿಮ್ದೇ ಅಂತ ತಿಳ್ಕೊಳ್ಳಿ."

ಗಂಟಣ್ಣ ಟೈ ಕೈಗೆ ತೆಗೆದುಕೊಂಡ. ಇವರನ್ನೂ ಮಲಗಿಸಬೇಕೋ ಬೇಡವೋ ಗೊತ್ತಾಗಲಿಲ್ಲ. ಮಲಗಿಸಿಯಾದರೂ ಮಾಡುವುದೇನು? ತಾನು ಕಣ್ಣು ಮುಚ್ಚಿಕೊಂಡಿದ್ದನಲ್ಲ. ಹೊರಗೆ ಕಾರು ನಿಂತ ಸದ್ದಾಯಿತು. ಗಾಬರಿಯಲ್ಲಿ ಅವನ ಕೈಗಳು ತಮಗೆ ಗೊತ್ತಿದ್ದ ಒಂದೇ ಕೆಲಸ ಮಾಡಿಬಿಟ್ಟವು: ಎರಡು ಸುತ್ತು, ಒಂದು ಮಡಿಕೆ, ಒಂದು ಜಗ್ಗು.

ದೊಡ್ಡ ಸಾಹೇಬರು ಒಳಗೆ ಬಂದು ಮ್ಯಾನೇಜರರ ಕೊರಳನ್ನೇ ದಿಟ್ಟಿಸಿದರು. ಸಾಹೇಬರೂ ಹಿಂದೆ ಪ್ಯಾಕರ್ ಆಗಿದ್ದವರು. ಹತ್ತಿರ ಬಂದು ಗಂಟಿನ ಕೆಳಗೆ ಹೆಬ್ಬೆರಳು ತೂರಿಸಿ ಎತ್ತಿ ನೋಡಿದರು, ಪಾರ್ಸೆಲ್ ಪರೀಕ್ಷಿಸುವಾಗ ಮಾಡುವಂತೆ. ಗಂಟು ಕದಲಲಿಲ್ಲ, ಮ್ಯಾನೇಜರೇ ಮೇಲೆ ಬಂದರು. ಯಾರ ಕೈ ಇದು ಎಂದು ಕೇಳಿದಾಗ, ಮಾತು ಹೊರಡದ ಮ್ಯಾನೇಜರ್ ಬೆರಳು ತೋರಿಸಿದರು.

ಮೇಜಿನ ಮೇಲಿದ್ದ ಕೌಂಟರಿನ ಅರ್ಜಿ ನೋಡಿ ಸಾಹೇಬರು ಗಂಟಣ್ಣನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ಇಂಥ ಕೈನ ಕೌಂಟರಿಗೆ ಹಾಕೋಕೆ ಹೊರಟಿದ್ರಾ? ಬರ್ಕೊಳ್ಳಿ. ರಿಟೈರ್ ಆಗೋ ತನಕ ಇವ್ರನ್ನ ಪ್ಯಾಕಿಂಗಿಂದ ಯಾರೂ ಕದಲಿಸಬಾರ್ದು."

ಮ್ಯಾನೇಜರ್ ಉಸಿರಿಲ್ಲದೆಯೇ ಬರೆದುಕೊಂಡರು. ಸಂಜೆ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಏನ್ ರೀ, ಕೆಲಸ ಖಾಯಂ ಆಯ್ತಾ?"

"ಆಯ್ತು ಕಣೇ," ಎಂದು ಗಂಟಣ್ಣ ಸೊಂಟ ಹಿಡಿದುಕೊಂಡು ಕೂತ. "ಇನ್ನು ಬಿಡ್ತೀನಿ ಅಂದ್ರೂ ಬಿಡೋ ಹಾಗಿಲ್ಲ."