ಅಡ್ಡಡ್ಡ ಹೋಗುವ ವಿದ್ಯೆ

ತನಗೆ ಚೆನ್ನಾಗಿ ಬರುವ ಕೆಲಸವನ್ನು ಮನುಷ್ಯ ಆಟವೆಂದು ಆಡಲು ಹೋಗಬಾರದು ಎಂಬುದು ನಾನು ಇತ್ತೀಚೆಗೆ ಕಂಡುಕೊಂಡ ಸತ್ಯ. ಅಡುಗೆ ಭಟ್ಟರನ್ನು ಮಕ್ಕಳ ಜೊತೆ ಕೂರಿಸಿ ಮಣ್ಣಿನ ಪಾಯಸ ಮಾಡಿಸಿದರೆ ಅದಕ್ಕೂ ಏಲಕ್ಕಿ ಸಾಲದು ಎನ್ನುತ್ತಾರೆ. ನನಗೆ ಬರುವ ಕೆಲಸ ಕಾರು ಬಿಡಲು ಕಲಿಸುವುದು. ಪುತ್ತೂರಿನಲ್ಲಿ ಒಂದು ಡ್ರೈವಿಂಗ್ ಸ್ಕೂಲ್, ಒಂದು ಬಿಳಿ ಕಾರು, ಕಾರಿನ ತಲೆಯ ಮೇಲೆ ಕೆಂಪಕ್ಷರದ ಬೋರ್ಡು, ಬೋರ್ಡಿನ ಕೆಳಗೆ ನಾನು. ನಮ್ಮ ಪೇಟೆಯ ರಸ್ತೆಯಲ್ಲಿ ಯಾವುದಾದರೂ ಕಾರು ಅರ್ಧ ಮೈಲಿ ಮೊದಲೇ ಇಂಡಿಕೇಟರ್ ಹಾಕಿಕೊಂಡು ದಿಬ್ಬಣದ ಹಾಗೆ ಹೋಗುತ್ತಿದ್ದರೆ ಅದು ನನ್ನ ಶಿಷ್ಯರದ್ದೆಂದು ತಿಳಿಯಬಹುದು. ಅದರ ಹಿಂದೆ ಸಿಕ್ಕಿಬಿದ್ದ ಬಸ್ಸಿನವರು ನನ್ನ ಬಗ್ಗೆ ಏನು ಹೇಳುತ್ತಾರೆಂದು ಇಲ್ಲಿ ಬರೆಯುವ ಹಾಗಿಲ್ಲ. ತುಳುವಿನಲ್ಲಿ ಅದಕ್ಕಿರುವ ಸೊಗಸು ಕನ್ನಡದಲ್ಲಿ ಬರುವುದೂ ಇಲ್ಲ.

ಇಂಥ ನನಗೆ ಕಂಟಕವಾಗಿ ಬಂದವರು ಕೇಶವ ಭಾವ. ಅವರು ನನ್ನ ತಂಗಿ ಶೈಲಳ ಗಂಡ. ಅವರಿಗೆ ನಾನೂ ಭಾವ, ನನಗೆ ಅವರೂ ಭಾವ, ಹಾಗಾಗಿ ನಮ್ಮಿಬ್ಬರ ಜಗಳ ಕೇಳಿದವರಿಗೆ ಯಾರು ಯಾರಿಗೆ ಬೈದರೆಂದು ಗೊತ್ತಾಗುವುದಿಲ್ಲ. ಮನೆ ಕಾಣಿಯೂರಿನಲ್ಲಿ, ಕೆಲಸ ಸುಬ್ರಹ್ಮಣ್ಯದ ಒಂದು ಲಾಡ್ಜಿನಲ್ಲಿ ಮ್ಯಾನೇಜರಿಕೆ. ಅವರಿಗೂ ವಾಹನಕ್ಕೂ ಹುಟ್ಟಿನಿಂದ ಆಗಿಬರದು. ದಿನಾ ಬಸ್ಸಿನಲ್ಲಿ ಹೋಗಿಬರುವವರಾದರೂ ಮೂಗಿನ ಹತ್ತಿರ ನಿಂಬೆಹಣ್ಣು ಹಿಡಿದುಕೊಳ್ಳದೆ ಒಂದು ತಿರುವು ದಾಟಿದವರಲ್ಲ. ಸೈಕಲ್ಲನ್ನು ಕೂಡ ತಳ್ಳಿಕೊಂಡೇ ಹೋಗುತ್ತಾರೆ. ಆದರೆ ಮಧ್ಯಾಹ್ನ ದರ್ಶನ ಮುಗಿಸಿದ ಯಾತ್ರಿಕರು ಕೋಣೆ ಬಿಟ್ಟು, ಸಂಜೆಯ ಬಸ್ಸುಗಳು ಇನ್ನೂ ಬಾರದ ಹೊತ್ತಿನಲ್ಲಿ ಲಾಡ್ಜಿನ ಮ್ಯಾನೇಜರನಿಗೆ ಮಾಡಲು ಕೆಲಸವಿರುವುದಿಲ್ಲ. ಆ ಬಿಡುವಿನಲ್ಲಿ ಟಿವಿಗೆ ಜೋಡಿಸಿ ಆಡುವ ಕಾರಿನ ಗೇಮ್ ತಂದು, ಅವರು ಡ್ರಿಫ್ಟ್ ಎಂಬ ವಿದ್ಯೆಯನ್ನು ಸಾಧಿಸಿಬಿಟ್ಟಿದ್ದರು. ತಿಳಿಯದವರಿಗಾಗಿ ಹೇಳುತ್ತೇನೆ. ತಿರುವಿನಲ್ಲಿ ಕಾರಿನ ಹಿಂಭಾಗವನ್ನು ಬೇಕೆಂದೇ ಜಾರಿಸಿ, ಗದ್ದೆಯ ಏಡಿಯ ಹಾಗೆ ಅಡ್ಡಡ್ಡ ಹೋಗುವುದಕ್ಕೆ ಡ್ರಿಫ್ಟ್ ಎನ್ನುತ್ತಾರೆ. ಹೆಚ್ಚು ಅಡ್ಡ ಹೋದಷ್ಟೂ ಹೆಚ್ಚು ಅಂಕ. ನನ್ನ ಸ್ಕೂಲಿನಲ್ಲಿ ಯಾರಾದರೂ ಹಾಗೆ ಹೋದರೆ ಮನೆಗೆ ಕಳುಹಿಸುತ್ತೇನೆ.

ಒಂದು ಭಾನುವಾರ ಭಾವ ಆ ಪೆಟ್ಟಿಗೆಯನ್ನು ನಮ್ಮ ಮನೆಗೇ ಹೊತ್ತು ತಂದರು. ಚಾಪೆಯ ಮೇಲೆ ಗೋಡೆಗೊರಗಿ ಕೂತು, ಅಂಗೈಯಲ್ಲಿ ಹಿಡಿಸುವ ಗುಂಡಿಗಳ ಕಂಟ್ರೋಲರನ್ನು ಹಿಡಿದು, ಹೆಬ್ಬೆರಳನ್ನು ಎಳ್ಳಿನಷ್ಟು ಆಚೀಚೆ ಮಾಡಿದರೆ ಸಾಕು, ಪರದೆಯ ಮೇಲಿನ ಕಾರು ಯಾವುದೋ ದೇಶದ ಘಾಟಿಯಲ್ಲಿ ಹೊಗೆಯೆಬ್ಬಿಸುತ್ತ ಅಡ್ಡಡ್ಡ ಇಳಿಯುತ್ತಿತ್ತು. ನಡುನಡುವೆ ಅವರು ಹಪ್ಪಳವನ್ನೂ ತಿನ್ನುತ್ತಿದ್ದರು. ನನ್ನ ಹೆಂಡತಿ ವಿಜಯ ಬಾಯಿ ತೆರೆದು ನೋಡುತ್ತಿದ್ದಳು. ಮದುವೆಯಾದಾಗಿನಿಂದ ನನ್ನ ಡ್ರೈವಿಂಗನ್ನು ಅವಳು ಆ ಬಾಯಿಯಲ್ಲಿ ನೋಡಿದ್ದಿಲ್ಲ. ಕೊಡಿ ಇಲ್ಲಿ ಎಂದು ನಾನು ಕಂಟ್ರೋಲರ್ ಕಿತ್ತುಕೊಂಡೆ. ಕಾರು ಹೊರಟಿತು, ಮೊದಲ ತಿರುವಿನಲ್ಲೇ ಗೋಡೆಗೆ ಮೂಗು ಕೊಟ್ಟು ನಿಂತಿತು. ಭಾವ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ತುಂಬ ಸಮಾಧಾನದಿಂದ ನನ್ನ ಬೆನ್ನು ತಟ್ಟಿ ಹೇಳಿದರು:

"ಬೇಜಾರು ಮಾಡ್ಬೇಡಿ ಭಾವ. ಕಲಿಸುದು ಬೇರೆ, ಬಿಡುದು ಬೇರೆ."

ಈ ಮಾತು ನನ್ನ ಎದೆಗೆ ನಾಟಿತು. ಗುಂಡಿ ಒತ್ತುವುದು ಲಿಫ್ಟಿನವರ ಕೆಲಸ, ನನಗೊಂದು ಸ್ಟೇರಿಂಗ್ ಇದ್ದರೆ ತೋರಿಸುತ್ತಿದ್ದೆ ಎಂದು ನಾನು ಘೋಷಿಸಿದೆ. ಘೋಷಿಸಿದ ಮೇಲೆ ತರಿಸಲೇಬೇಕಾಯಿತು. ಗೇಮಿಗೆಂದೇ ಮಾಡಿದ ಸ್ಟೇರಿಂಗು, ಕಾಲಿಗೆ ಮೂರು ಪೆಡಲು, ಜೊತೆಗೆ ಭಾವನದ್ದರಂಥದೇ ಒಂದು ಪೆಟ್ಟಿಗೆ. ಸ್ಟೇರಿಂಗಿನ ಒಳಗೆ ಮೋಟರಿರುತ್ತದೆ. ಪರದೆಯ ಕಾರು ಕಲ್ಲಿನ ಮೇಲೆ ಹೋದರೆ ಕೈಯಲ್ಲಿ ಇದು ನಡುಗುತ್ತದೆ, ಅಲ್ಲಿ ಚಕ್ರ ಜಾರಿದರೆ ಇಲ್ಲಿ ಇದು ತಾನಾಗಿ ಗಿರ್ರೆಂದು ತಿರುಗುತ್ತದೆ. ಮೊದಲು ಊಟದ ಮೇಜಿಗೆ ಬಿಗಿದೆ. ನಾನು ಒಂದು ತಿರುವು ತೆಗೆಯುವಷ್ಟರಲ್ಲಿ ಸಾಂಬಾರಿನ ಪಾತ್ರೆ ನಡೆದುಕೊಂಡು ಹೋಗಿ ಮೇಜಿನ ಅಂಚಿನಲ್ಲಿ ನಿಂತಿತ್ತು. ಪಾತ್ರೆ ಬೀಳುವ ಮೊದಲು ವಿಜಯ ನನ್ನನ್ನು ಹೊರಗೆ ಹಾಕಿದಳು. ಹಾಗೆ ಸ್ಟೇರಿಂಗು ನನ್ನ ಡ್ರೈವಿಂಗ್ ಸ್ಕೂಲಿನ ಕ್ಲಾಸು ಕೋಣೆ ಸೇರಿತು. ಅಲ್ಲಿ ನಾನೇ ಕೈಯಾರೆ ಬರೆದ 'ಅವಸರವೇ ಅಪಘಾತಕ್ಕೆ ಕಾರಣ' ಎಂಬ ಬೋರ್ಡಿನ ಕೆಳಗೆ ಟಿವಿ ಇಟ್ಟು, ನಾನು ದಿನಾ ಅವಸರವನ್ನೂ ಅಪಘಾತವನ್ನೂ ಅಭ್ಯಾಸ ಮಾಡತೊಡಗಿದೆ.

ವಿದ್ಯೆ ಬರಲಿಲ್ಲ. ಮೊಬೈಲಿನಲ್ಲಿ ಪಾಠ ಹೇಳುವವರು ಒಂದೇ ಮಾತು ಹೇಳುತ್ತಿದ್ದರು: ಹಿಂಭಾಗ ಜಾರಿದ ಕೂಡಲೇ ಸ್ಟೇರಿಂಗನ್ನು ಸಡಿಲ ಬಿಡಿ, ಅದು ತಾನೇ ಎದುರು ದಿಕ್ಕಿಗೆ ತಿರುಗುತ್ತದೆ, ಆಮೇಲೆ ಹಿಡಿಯಿರಿ. ಬಿಡುವುದೆಂದರೆ ಹೇಗೆ? ಸ್ಟೇರಿಂಗ್ ಹಿಡಿಯುವುದೆಂದರೆ ಹೆಂಡತಿಯ ಕೈ ಹಿಡಿದ ಹಾಗೆ, ಏನೇ ಆದರೂ ಬಿಡಬಾರದು ಎಂದು ಇಡೀ ತಾಲೂಕಿಗೆ ಪಾಠ ಮಾಡಿದವನು ನಾನು. (ವಿಜಯಳ ಪ್ರಕಾರ ನಾನು ಅವಳ ಕೈ ಹಿಡಿದದ್ದು ಧಾರೆಯ ದಿವಸ, ಅದೂ ಪುರೋಹಿತರು ಹೇಳಿದ್ದಕ್ಕೆ.) ಹಿಂಭಾಗ ಜಾರಿದೊಡನೆ ನನ್ನ ಕೈ ಬಿಗಿಯುತ್ತಿತ್ತು, ಕಾಲು ಬ್ರೇಕಿನ ಮೇಲೆ ಕೂರುತ್ತಿತ್ತು, ಕಾರು ಬುಗುರಿಯಾಗುತ್ತಿತ್ತು. ಕಂಟ್ರೋಲರಿನವರಿಗೆ ಆ ಯಂತ್ರವೇ ಒಳಗಿಂದ ಅರ್ಧ ಕೆಲಸ ಮಾಡಿಕೊಡುತ್ತದೆ, ಹೆಬ್ಬೆರಳಿನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ, ಸ್ಟೇರಿಂಗಿನವನ ತಪ್ಪನ್ನು ಮಾತ್ರ ಊರಿಗೆಲ್ಲ ಸಾರುತ್ತದೆ ಎಂಬ ಈ ಅನ್ಯಾಯವನ್ನು ನಾನು ಲೈಸೆನ್ಸಿಗೆ ಬಂದವರಿಗೆಲ್ಲ ವಿವರಿಸುತ್ತಿದ್ದೆ. ಅವರು ಎಡಕ್ಕೂ ಬಲಕ್ಕೂ ನೋಡಿ, ಕ್ಲಾಸು ಎಷ್ಟು ಹೊತ್ತಿಗೆ ಸರ್ ಎಂದು ಕೇಳುತ್ತಿದ್ದರು.

ಅಷ್ಟರಲ್ಲಿ ನನ್ನ ತಂಗಿ ನಡುವೆ ಬಂದಳು. ಶೈಲಳಿಗೆ ನಮ್ಮ ಅಂಕಗಳ ಚಿಂತೆ ಇರಲಿಲ್ಲ. ಅವಳ ಮನೆಯಲ್ಲಿ ನಿಜವಾದ ಕಾರೊಂದಿತ್ತು. ಭಾವ ಕಲಿಯುತ್ತೇನೆಂದು ಮಾತು ಕೊಟ್ಟು ಕೊಂಡದ್ದು, ಕೊಂಡಂದಿನಿಂದ ಅಂಗಳದಲ್ಲಿ ನಿಂತಿತ್ತು. ಅದರ ಬಾನೆಟ್ಟಿನ ಮೇಲೆ ಹಪ್ಪಳ ಒಣಗುತ್ತಿತ್ತು, ಅಡಿಯಲ್ಲಿ ಬೆಕ್ಕು ಮರಿ ಹಾಕಿತ್ತು. ಇತ್ತ ಅವಳ ಅತ್ತೆಗೆ ಮೊಣಕಾಲಿನ ಚಿಕಿತ್ಸೆಗೆ ವಾರಕ್ಕೊಮ್ಮೆ ಪುತ್ತೂರಿಗೆ ಬರಬೇಕು. ಬಸ್ಸಿನ ಮೆಟ್ಟಿಲು ಹತ್ತುವಾಗ ಆ ಅಮ್ಮ ಪಡುವ ಪಾಡಿಗೆ ಅಲ್ಲೇ ಇನ್ನೊಂದು ಚಿಕಿತ್ಸೆ ಬೇಕು. ನೀನೇ ಕಲಿ ಎಂದು ನಾನೊಮ್ಮೆ ತಂಗಿಗೆ ಹೇಳಿದ್ದುಂಟು. ನಿನ್ನ ಹತ್ತಿರ ಬೈಸಿಕೊಂಡು ಕಲಿಯುವುದಕ್ಕಿಂತ ಅತ್ತೆಯನ್ನು ಹೊತ್ತುಕೊಂಡು ಹೋಗುವುದು ಲಾಯ್ಕ ಎಂದಿದ್ದಳು. ಈಗ ಅವಳೇ ಪಂಥ ಕಟ್ಟಿದಳು. ನಾನು ಸ್ಟೇರಿಂಗಿನಲ್ಲಿ ಒಬ್ಬನೇ ಆಡಿ ಭಾವನನ್ನು ಸೋಲಿಸಿದರೆ ಭಾವ ಮರುದಿನವೇ ನಿಜವಾದ ಕಾರಿನಲ್ಲಿ ಕೂರಬೇಕು. ಸೋತರೆ, ಮನೆಯಲ್ಲಿ ಯಾರಿಗಾದರೂ ಲೈಸೆನ್ಸ್ ಬರುವವರೆಗೆ ನನ್ನ ರಜೆಯ ದಿನ ನಾನೇ ಕಾಣಿಯೂರಿಗೆ ಬಂದು ಆ ಕಾರಿನಲ್ಲೇ ಅತ್ತೆಯನ್ನು ಕರೆದುಕೊಂಡು ಹೋಗಬೇಕು. ಭಾವ ಒಂದು ಕ್ಷಣ ಬಿಳಿಚಿಕೊಂಡರು. ನಿಜವಾದ ಕಾರು ಎಂಬ ಶಬ್ದಕ್ಕೇ ಅವರ ಕೈ ನಿಂಬೆಹಣ್ಣು ಹುಡುಕಿತು, ಆದರೂ ಒಪ್ಪಿಕೊಂಡರು.

ಕಾಣಿಯೂರಿನ ಅವರ ಚಾವಡಿಯಲ್ಲಿ ಊಟದ ನಂತರ ಪಂದ್ಯ. ಹೊಲಿಗೆ ಯಂತ್ರದ ಮೇಜಿಗೆ ನನ್ನ ಸ್ಟೇರಿಂಗು ಬಿಗಿದಾಯಿತು. ವಿಜಯ ತೀರ್ಪುಗಾರ್ತಿ. ಶೈಲಳ ಅತ್ತೆ ಕಾಲು ನೀಡಿ ಕೂತು, ಇದು ಯಾವ ಧಾರಾವಾಹಿ ಎಂದು ಕೇಳಿದರು. ಭಾವ ಮೊದಲು ಆಡಿದರು. ಹೆದರಿಕೆಗೆ ಹಪ್ಪಳ ಮುಟ್ಟಲಿಲ್ಲವಾದರೂ ಹೆಬ್ಬೆರಳು ತನ್ನ ಧರ್ಮ ಬಿಡಲಿಲ್ಲ, ಒಳ್ಳೆಯ ಅಂಕವೇ ಬಂತು. ನಂತರ ನಾನು ಕೂತೆ. ಸೀಟು ಸರಿಮಾಡಿದೆ, ಇಲ್ಲದ ಕನ್ನಡಿಯನ್ನು ಸರಿಮಾಡಿದೆ. ಮೊದಲ ತಿರುವಿನಲ್ಲಿ ಗೋಡೆ, ಎರಡನೆಯದರಲ್ಲಿ ಗೋಡೆ, ಮೂರನೆಯದರಲ್ಲಿ ಗೋಡೆ ದಾಟಿ ಕಣಿವೆ. ಹಿಂದಿನಿಂದ ಅತ್ತೆ, ಪಾಪ ಈ ಜನ ಬದುಕುವುದಿಲ್ಲ ಎಂದರು.

ನನ್ನ ಪಾಲಿನದು ಇನ್ನೊಂದು ಸುತ್ತು ಬಾಕಿಯಿತ್ತು. ಶೈಲ ತಡೆಯಲಾರದೆ ಬಂದು ನನ್ನನ್ನು ಕುರ್ಚಿಯಿಂದ ಎಬ್ಬಿಸಿದಳು.

"ಏಳು ಅಣ್ಣ. ನಿನಗೆ ಎಂತ ಆಗ್ತಾ ಉಂಟು ಅಂತ ನಾನೊಮ್ಮೆ ನೋಡ್ತೇನೆ."

ಅವಳು ಕೂತು ಆಕ್ಸಿಲರೇಟರನ್ನು ಪೂರ್ತಿ ಒತ್ತಿಬಿಟ್ಟಳು. ಆಮೇಲೆ ನಡೆದದ್ದನ್ನು ನಾನು ಯೋಚಿಸಿ ಮಾಡಿದ್ದಲ್ಲ. ಯಾರೋ ಕಲಿಯದವರು ಸ್ಟೇರಿಂಗ್ ಹಿಡಿದು ಕೂತಿದ್ದಾರೆ ಎಂದು ಕಂಡದ್ದೇ ನನ್ನ ದೇಹ ತಾನಾಗಿ ಹೋಗಿ ಅವಳ ಎಡಬದಿಯ ಸ್ಟೂಲಿನ ಮೇಲೆ ಕೂತಿತು. ನನ್ನ ಬಲಗೈ ಚಾಚಿ ಸ್ಟೇರಿಂಗಿನ ಅಂಚು ಹಿಡಿಯಿತು. ನನ್ನ ಬಲಗಾಲು ಮೇಜಿನಡಿಗೆ ನುಗ್ಗಿ ಬ್ರೇಕಿನ ಮೇಲೆ ಕೂತಿತು. ತಿರುವು ಬಂತು. ಶೈಲ ಕಣ್ಣು ಮುಚ್ಚಿ ಎರಡೂ ಕೈ ಬಿಟ್ಟಳು. ಸ್ಟೇರಿಂಗು ಗಿರ್ರೆಂದು ತಾನೇ ಎದುರಿಗೆ ತಿರುಗಿತು, ತಿರುಗಿ ಬರುವಾಗ ನನ್ನ ಬಲಗೈ ಅದನ್ನು ಸರಿಯಾದ ಜಾಗದಲ್ಲಿ ಹಿಡಿಯಿತು, ಕಾಲು ಬ್ರೇಕನ್ನು ಮೆಲ್ಲಗೆ ಸವರಿತು. ಕಾರು ಅಡ್ಡವಾಯಿತು. ಅಡ್ಡವಾಗಿಯೇ ಹೋಯಿತು. ಮುಂದಿನ ತಿರುವಿಗೆ ಆ ಕಡೆಗೆ ಅಡ್ಡ, ಅದರ ಮುಂದಿನದಕ್ಕೆ ಈ ಕಡೆಗೆ ಅಡ್ಡ. ನಾನು ನನಗರಿವಿಲ್ಲದೆ ಕ್ಲಾಸಿನ ಮಾತುಗಳನ್ನೇ ಹೇಳುತ್ತಿದ್ದೆ: ಕಾಲು ತೆಗಿ, ಕಾಲು ತೆಗಿ ಹೇಳಿದ್ದು, ಯಾರನ್ನು ಕೊಲ್ಲಲಿಕ್ಕೆ ಹೊರಟದ್ದು ನೀನು, ಎದುರು ನೋಡು. ಅವಳು ಕಾಲನ್ನೂ ತೆಗೆಯಲಿಲ್ಲ, ಎದುರೂ ನೋಡಲಿಲ್ಲ. ಅಂಕಗಳು ಬೆಂಕಿಗೆ ಬಿದ್ದ ಗೇರುಬೀಜದ ಹಾಗೆ ಸಿಡಿಯುತ್ತಿದ್ದವು. ಅತ್ತೆ ಮಾತ್ರ, ಈಗ ಸರಿ ಹೋಗ್ತಾ ಉಂಟು, ಅಭ್ಯಾಸ ಇದ್ದವರು ಬಿಡುದು ಅಂತ ಕಾಣ್ತದೆ ಎಂದರು.

ಆಟ ಮುಗಿದಾಗ ನಮ್ಮ ಅಂಕ ಭಾವನದ್ದನ್ನು ಎಷ್ಟೋ ಹಿಂದೆ ಬಿಟ್ಟಿತ್ತು. ಆಗ ನನಗೆ ತಿಳಿಯಿತು. ಸ್ಕೂಲು ತೆರೆದಂದಿನಿಂದ ನಾನು ಕೂತದ್ದೆಲ್ಲ ಎಡಗಡೆಯ ಸೀಟಿನಲ್ಲಿ. ಅಲ್ಲಿ ನನಗಾಗಿಯೇ ಇನ್ನೊಂದು ಬ್ರೇಕುಂಟು. ನಾನು ತಿರುಗಿಸಿದ್ದೆಲ್ಲ ಬೇರೆಯವರ ಕೈಯ ಸ್ಟೇರಿಂಗನ್ನು, ಒಂದೇ ಕೈಯಲ್ಲಿ, ಬೈಯುತ್ತ. ಶಿಷ್ಯರು ಮಾಡಿದ ಅನಾಹುತವನ್ನು ಅರ್ಧದಲ್ಲಿ ಹಿಡಿದು ಸರಿಮಾಡುವುದೇ ನನ್ನ ವಿದ್ಯೆ. ಬಲಗಡೆ ಕೂರಿಸಿದರೆ ಅನಾಹುತ ಮಾಡುವವನೂ ನಾನೇ, ಸರಿಮಾಡಲು ಪಕ್ಕದಲ್ಲಿ ಯಾರೂ ಇಲ್ಲ. ಈ ಸತ್ಯವನ್ನು ನಾನು ಎಲ್ಲರಿಗೂ ವಿವರಿಸಿ, ಆದ್ದರಿಂದ ಗೆಲುವು ನನ್ನದೆಂದು ಸಾಧಿಸಿದೆ. ಭಾವ, ಕೂತದ್ದು ನನ್ನ ಹೆಂಡತಿ, ಹಾಗಾಗಿ ಗೆಲುವು ನಮ್ಮ ಮನೆಗೇ ಬಂದದ್ದು ಎಂದು ವಾದಿಸಿದರು. ಕಂಟ್ರೋಲರಿನಲ್ಲಾದರೆ ಇನ್ನೊಬ್ಬರಿಗೆ ಒಂದು ಹೆಬ್ಬೆರಳು ಇಡಲಿಕ್ಕೂ ಜಾಗ ಇಲ್ಲ, ಇದು ಮೋಸ ಎಂದೂ ಸೇರಿಸಿದರು. ತೀರ್ಪುಗಾರ್ತಿ ಇಬ್ಬರನ್ನೂ ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು.

"ಒಬ್ಬರೇ ಆಡ್ಬೇಕು ಅಂತ ಮಾತಾದದ್ದು. ನೀವು ಒಬ್ಬರೇ ಆಡಿದಾಗ ಕಣಿವೆಗೆ ಬಿದ್ದದ್ದನ್ನು ನಾವೆಲ್ಲ ನೋಡಿದ್ದೇವೆ. ಸೋತದ್ದು ನೀವೇ."

ಭಾವ ಎಷ್ಟು ಹಗುರಾದರೆಂದರೆ, ಎದ್ದುಹೋಗಿ ಎಲ್ಲರಿಗೂ ತಾವೇ ಚಹಾ ಮಾಡಿ ತಂದರು. ಆದರೆ ಶೈಲ ಕುರ್ಚಿಯಿಂದ ಏಳಲಿಲ್ಲ. ಚಹಾ ಆರಿಹೋದರೂ ಏಳಲಿಲ್ಲ. ಈ ಸಲ ಕಣ್ಣು ಬಿಟ್ಟುಕೊಂಡೇ ಇನ್ನೊಂದು ಸುತ್ತು, ಮತ್ತೊಂದು ಸುತ್ತು ಎಂದು ಆಡುತ್ತಲೇ ಇದ್ದಳು. ಕೊನೆಗೆ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಅಣ್ಣ, ನಿನ್ನ ಕ್ಲಾಸಿಗೆ ನಾನು ಸೇರ್ತೇನೆ. ನೀನು ಬೈಯುದು ನಾನು ಗ್ರಹಿಸಿದಷ್ಟು ಕಷ್ಟ ಇಲ್ಲ. ಕಣ್ಣು ಮುಚ್ಚಿದ್ರೆ ಕೇಳುದೇ ಇಲ್ಲ."

ಈಗ ಅವಳು ಪುತ್ತೂರಿಗೆ ಬಂದು ಕಲಿಯುತ್ತಿದ್ದಾಳೆ. ಮೊದಲ ದಿನ ನಿಜವಾದ ತಿರುವಿನಲ್ಲೂ ಎರಡೂ ಕೈ ಬಿಟ್ಟಳು. ಮೈದಾನವಾದ್ದರಿಂದ ಯಾರಿಗೂ ಏನೂ ಆಗಲಿಲ್ಲ, ನನ್ನ ಕಾಲಿನಡಿಯ ಬ್ರೇಕು ಮಾತ್ರ ಸ್ವಲ್ಪ ಬಗ್ಗಿದೆ. ಅವಳಿಗೆ ಲೈಸೆನ್ಸ್ ಬರುವವರೆಗೆ ಸೋತವನ ಕರ್ತವ್ಯ ತಪ್ಪುವಂತಿಲ್ಲವಲ್ಲ. ಮೊನ್ನೆಯ ರಜೆಗೆ ನಾನು ಬಸ್ಸಿನಲ್ಲಿ ಕಾಣಿಯೂರಿಗೆ ಹೋದೆ. ಹಪ್ಪಳ ತೆಗೆಸಿ, ಬೆಕ್ಕಿನ ಸಂಸಾರವನ್ನು ಬೇರೆ ಕಡೆ ಕಳುಹಿಸಿ, ಕಾರನ್ನು ಒರೆಸಿದ್ದಾಯಿತು. ಅತ್ತೆಯನ್ನು ಜೋಪಾನವಾಗಿ ಹಿಂದಿನ ಸೀಟಿನಲ್ಲಿ ಕೂರಿಸಿದೆ, ನಾನೂ ಬಾಗಿಲು ತೆಗೆದು ಕೂತೆ, ಬೆಲ್ಟ್ ಹಾಕಿದೆ. ಹೂಂ, ಕನ್ನಡಿ ನೋಡಿ, ನ್ಯೂಟ್ರಲ್ ಉಂಟಾ ನೋಡಿ, ನಿಧಾನವಾಗಿ ಸ್ಟಾರ್ಟ್ ಮಾಡಿ ಎಂದೆ. ಕಾರು ಸುಮ್ಮನೆ ನಿಂತಿತ್ತು. ಸ್ವಲ್ಪ ಗಟ್ಟಿಯಾಗಿ ಮತ್ತೊಮ್ಮೆ ಹೇಳಿದೆ. ಹಿಂದಿನಿಂದ ಅತ್ತೆ ಮೆಲ್ಲಗೆ ಕೇಳಿದರು.

"ಯಾರಿಗೆ ಹೇಳುದು ಮಾಷ್ಟ್ರೆ?"

ನನ್ನ ಬಲಗಡೆಯ ಸೀಟು ಖಾಲಿಯಿತ್ತು. ಡ್ರೈವರ್ ಈಗ ಬರ್ತಾರೆ ಅಮ್ಮ ಎಂದು ಹೇಳಿ, ಬೆಲ್ಟ್ ತೆಗೆದು ಕೆಳಗಿಳಿದೆ. ಕಾರಿನ ಮುಂದಿನಿಂದ ಸುತ್ತು ಹಾಕಿ ಬಂದು, ಬಲಗಡೆಯ ಬಾಗಿಲು ತೆರೆದು ಕೂತೆ. ಆ ಅಮ್ಮನಿಗೆ ಮೊಣಕಾಲಿನ ಜೊತೆ ಕಣ್ಣೂ ಈಚೆಗೆ ಅಷ್ಟಕ್ಕಷ್ಟೇ. ಮುಂದಕ್ಕೆ ಬಾಗಿ ನನ್ನ ಹೆಗಲು ತಟ್ಟಿ, ಮೆಲ್ಲ ಹೋಗು ಮಗ, ಆ ಮಾಷ್ಟ್ರು ಬೈದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ, ಅವರಿಗೆ ಬಿಡಲಿಕ್ಕೆ ಬರುದಿಲ್ಲ ಎಂದರು.