ಫ್ರೀಜರಿನೊಳಗೆ ವಿಜ್ಞಾನದ ಮೇಷ್ಟ್ರು

"ಕನ್ನಡಕ ಜಾರುತ್ತಾ? ಈ ಮನೇಲಿ ವಿಜ್ಞಾನದ ಮೇಷ್ಟ್ರು ಬದುಕಿರೋವಾಗ, ಅಂಗಡಿಯವನು ಬಾಗಿಲು ತೆಗೀಲಿ ಅಂತ ಕಾಯೋದೇ?" ಎಂದು ಮೇಷ್ಟ್ರು ಬೆಳಗಾಗೆದ್ದು ಗುಡುಗಿದರು.

ಹೆಂಡತಿಗೆ ಅಂದು ಡ್ರೈವಿಂಗ್ ಪರೀಕ್ಷೆ. ಹಿಂದಿನ ಸಲ ಕನ್ನಡಕ ಮೂಗಿನ ತುದಿಗೆ ಜಾರಿ, ಕಾರು ಫುಟ್‌ಪಾತ್ ಹತ್ತಿ, ಫೇಲಾಗಿದ್ದಳು. ಈ ಸಲವೂ ಹಾಗಾದರೆ ಶಾಲೆಯ ವ್ಯಾನ್ ಓಡಿಸುವ ಕೆಲಸ ಕೈತಪ್ಪಿದಂತೆಯೇ.

"ನೀವು ಮುಟ್ಟಬೇಡ್ರೀ!"

"ಬಿಸಿ ಮಾಡಿದ್ರೆ ಪ್ಲಾಸ್ಟಿಕ್ ಮೆತ್ತಗಾಗುತ್ತೆ, ತಣ್ಣಗಾದ್ರೆ ಸೆಟೆದುಕೊಳ್ಳುತ್ತೆ. ನನ್ನ ಕ್ಲಾಸಿನ ಮಕ್ಕಳಿಗೂ ಗೊತ್ತು!"

"ಹಾಗಾದ್ರೆ ಆ ಮಕ್ಕಳನ್ನೇ ಕರೀರಿ."

ಆಕೆ ಸ್ನಾನಕ್ಕೆ ಹೋದದ್ದೇ ತಡ, ಕನ್ನಡಕ ಬಿಸಿನೀರಿಗೆ ಬಿತ್ತು. ತಮ್ಮ ಸ್ವಂತ ಕನ್ನಡಕವನ್ನು ಮಾತ್ರ ಮೇಷ್ಟ್ರು ಜೋಪಾನವಾಗಿ ಡಬ್ಬಿಯಲ್ಲಿಟ್ಟರು. ಪ್ರಯೋಗಕ್ಕೆ ಯಾವತ್ತೂ ಹೆಂಡತಿಯ ವಸ್ತುವೇ ಆಗಬೇಕು. ತನ್ನದಕ್ಕೆ ಕೈಹಾಕಿದ ಗಂಡಸನ್ನು ಎಲ್ಲಾದರೂ ಕಂಡಿದ್ದರೆ ಹೇಳಿ, ಮೆರವಣಿಗೆ ಮಾಡಿಸೋಣ!

ಫ್ರೇಮು ಬಾಳೆಹಣ್ಣಿನ ಸಿಪ್ಪೆಯಂತೆ ಮೆತ್ತಗಾಯಿತು. ಅಚ್ಚಿಗೊಂದು ತಲೆ ಬೇಕಲ್ಲ? ಹೆಂಡತಿಯದು ಬಚ್ಚಲಲ್ಲಿತ್ತು. ಮೇಷ್ಟ್ರು ತಮ್ಮದನ್ನೇ ದಯಪಾಲಿಸಿದರು. ಕಡ್ಡಿಗಳನ್ನು ಕಿವಿಗೆ ಒತ್ತಿ ಹಿಡಿದು, ಬೇಗ ಗಟ್ಟಿಯಾಗಲೆಂದು ತಲೆಯನ್ನು ಫ್ರೀಜರಿನೊಳಗೆ ತೂರಿಸಿದರು!

"ಏನ್ರೀ ಇದು? ಮೆದುಳು ಕೆಡಬಾರ್ದು ಅಂತ ಫ್ರಿಜ್ಜಲ್ಲಿಡ್ತಿದೀರಾ?"

ಒದ್ದೆ ಕೂದಲಲ್ಲಿ ಹೆಂಡತಿ ನಿಂತಿದ್ದಳು. ಅವಳ ಗುಲಾಬಿ ಕನ್ನಡಕ ಮೇಷ್ಟ್ರ ಬುರುಡೆಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತ್ತು. ಅವಳ ಮುಖಕ್ಕಿಟ್ಟರೆ ಸೀದಾ ಗದ್ದಕ್ಕೆ ಬಂತು.

"ಒಂಚೂರು ಒಳಕ್ಕೆ ಬಗ್ಗಿಸಿದ್ರೆ..."

"ರೀ, ಬೇಡ..."

ಟಕ್! ತಣ್ಣಗೆ ಕೊರೆಯುತ್ತಿದ್ದ ಕಡ್ಡಿ ಮೇಷ್ಟ್ರ ಪಾಠವನ್ನು ಚಾಚೂ ತಪ್ಪದೆ ಕಲಿತಿತ್ತು. ಬಗ್ಗಲಿಲ್ಲ, ಮುರಿಯಿತು.

ಹೆಂಡತಿಗೆ ಬಯ್ಯಲೂ ಹೊತ್ತಿರಲಿಲ್ಲ. ಮೇಷ್ಟ್ರ ಪೈಜಾಮದ ಲಾಡಿಯನ್ನು ಸರ್ರನೆ ಎಳೆದುಕೊಂಡು, ಅದರಿಂದ ಕನ್ನಡಕವನ್ನು ತಲೆಗೆ ಬಿಗಿದು ಕಟ್ಟಿ ಹೊರಟೇಬಿಟ್ಟಳು.

ಆಕೆ ಮರಳಿದಾಗ ಮೇಷ್ಟ್ರು ಬಾಗಿಲಲ್ಲೇ ಇದ್ದರು. ಗಾಬರಿಯಲ್ಲಿ ಬಟ್ಟೆ ಬದಲಿಸುವುದೂ ಮರೆತು, ಡಬ್ಬಿಯಲ್ಲಿದ್ದ ತಮ್ಮ ಕನ್ನಡಕವನ್ನು ಮಾತ್ರ ಮರೆಯದೆ ಮೂಗಿಗೇರಿಸಿ, ಒಂದು ಕೈಯಲ್ಲಿ ಪೈಜಾಮ ಹಿಡಿದು ನಿಂತಿದ್ದರು.

"ಪಾಸು! ಕನ್ನಡಕ ಒಂಚೂರೂ ಜಾರ್ಲಿಲ್ಲ."

"ನೋಡಿದ್ಯಾ! ಅಂದ್ರೆ ನನ್ನ ಪ್ರಯೋಗ ಗೆದ್ದ ಹಾಗೇ ತಾನೇ?"

"ಹೌದ್ರೀ. ಈಗ ನಿಮ್ಮದನ್ನ ಕೊಡಿ, ನೀರು ಕಾಯೋಕೆ ಇಡ್ತೀನಿ" ಎಂದು ಆಕೆ ಅವರ ಮೂಗಿನತ್ತ ಕೈಚಾಚಿದಳು.

ಮೇಷ್ಟ್ರು ಹೌಹಾರಿ, ಎರಡೂ ಕೈಗಳಿಂದ ತಮ್ಮ ಕನ್ನಡಕವನ್ನು ಭದ್ರವಾಗಿ ಹಿಡಿದುಕೊಂಡರು.

ಕನ್ನಡಕ ಜಾರಲಿಲ್ಲ. ಪೈಜಾಮ ಜಾರಿತು.